ಗಿಳಿಯ ಪರೀಕ್ಷೆ

ಸುಲ್ತಾನ್ ಬಜಾರಿನ ಬಟ್ಟೆ ವ್ಯಾಪಾರಿ ಸೂಗಪ್ಪನಿಗೆ ತನ್ನ ಗಜಕೋಲೊಂದನ್ನು ಬಿಟ್ಟರೆ ಬೇರೆ ಯಾರ ಮೇಲೂ ನಂಬಿಕೆಯಿಲ್ಲ.

ಕಾಚಿಗೂಡ ರೈಲ್ವೆ ಸ್ಟೇಷನ್ ಪಕ್ಕದ ಮನೆಯ ಹಿತ್ತಲಲ್ಲಿ ಬಿದ್ದಿದ್ದ ಗಿಳಿಮರಿಯನ್ನು ಅವನು ಸಾಕಿದ್ದ. ಮಿಮಿಕ್ರಿ ಅವನ ಚಟ, ಗಿಳಿಗೂ ಅಂಟಿತು. ಅದು ಸ್ಟೇಷನ್ನಿನ ದನಿಯಲ್ಲಿ ‘ಯಾತ್ರೀಗಣ್ ಕೃಪಯಾ ಧ್ಯಾನ್ ದೇಂ’ ಎಂದರೆ ಪಕ್ಕದ ಲಾಡ್ಜಿನವರು ಬ್ಯಾಗು ಎತ್ತಿಕೊಂಡು ಓಡುತ್ತಿದ್ದರು.

ಗಿಳಿ ಸಾಕುವುದು ಕಾನೂನಿಗೆ ವಿರುದ್ಧ ಎಂದು ಸೊಸೆ ರಶ್ಮಿ ಹೇಳಿದಾಗ ಪಂಜರ ತೆರೆದು ಹಾರಿಸಹೊರಟ. ಅದೂ ತಪ್ಪಂತೆ. ಅರಣ್ಯ ಇಲಾಖೆಯವರಿಗೆ ಒಪ್ಪಿಸಬೇಕು, ಅವರು ಪರೀಕ್ಷಿಸಿ ಬಿಡುತ್ತಾರೆ. ಒಪ್ಪಿಸಿ ಬಂದ, ನಿದ್ದೆ ಹಾರಿಹೋಯಿತು.

“ಮಾತಾಡೋ ಗಿಳಿ ಯಾರ್ ಬಿಡ್ತಾರ? ಯಾವ್ದೋ ಸಾಹೇಬರ ಬಂಗಲೇದಾಗ ಸಲಾಂ ಹೊಡಿಯಾಕತ್ತಿರ್ತೈತಿ.”

“ನಿಮಗ ಹಾಲಿನವನ ಮ್ಯಾಲೂ ಡೌಟು,” ಎಂದಳು ಹೆಂಡತಿ ಬಸಲಿಂಗಮ್ಮ.

“ಹಾಲಿನ ಮ್ಯಾಲಷ್ಟ. ನೀರು ಖಾತ್ರಿ ಐತಿ.”

ಕೊನೆಗೆ ಇಬ್ಬರೂ ಗಚ್ಚಿಬೌಲಿಯಾಚೆಯ ಹಕ್ಕಿಗಳ ಪುನರ್ವಸತಿ ಕೇಂದ್ರಕ್ಕೆ ಹೋದರು. ಅಲ್ಲಿನ ವೈದ್ಯೆ ಚಿನ್ಮಯಿ, ಧಾರವಾಡ ಕಡೆಯ ಹುಡುಗಿ, ದೊಡ್ಡ ಜಾಲರಿಮನೆಯ ಮುಂದಿನ ಹಸಿರು ಪರದೆಯ ಹಿಂದೆ ಅವರನ್ನು ಕೂರಿಸಿದಳು.

“ಕಾಕಾರ, ಮಾತಾಡಬ್ಯಾಡ್ರಿ. ಮನಷ್ಯಾರ ಮಾತಿಗೆ ಉತ್ತರ ಕೊಟ್ಟ್ರ ಅದನ್ನ ಬಿಡಂಗಿಲ್ಲ, ಜನ್ಮಪೂರ್ತಿ ಇಲ್ಲೇ. ನಿಮ್ಮ ಗಿಳಿ ಹಾರ್ತೈತಿ, ಹಿಂಡಿನ್ಯಾಗ ಬೆರತೈತಿ. ಗಿಡುಗನ ದನಿಗೆ ಅಡಗೋ ಪರೀಕ್ಷೆ ಒಂದ ಬಾಕಿ. ಸ್ಪೀಕರಿನ್ಯಾಗ ಹಾಕಿದ್ರ ಎಲ್ಲಾ ಅಡಗಿದ್ವು, ಇದು ಕತ್ತು ವಾರಿ ಮಾಡಿ ಕೇಳಾಕತ್ತಿತ್ತು.”

ಸ್ಪೀಕರಿಗೆ ಹೆದರುವ ಹಕ್ಕಿ ಕಾಚಿಗೂಡದಲ್ಲಿ ಬೆಳೆದೀತೇ? ಆದರೆ ಸೂಗಪ್ಪನ ತಲೆ ಬೇರೆಡೆ ಓಡುತ್ತಿತ್ತು. ಒಳಗಿನ ಗಿಳಿಗಳೆಲ್ಲ ಒಂದೇ ಥಾನಿನ ಬಟ್ಟೆ, ಯಾವುದು ತನ್ನದೆಂದು ತಿಳಿಯದು. ಅವನು ಕರೆಯಬಾರದು, ಅದು ಉತ್ತರಿಸಬಾರದು. ಗಿಳಿ ಬದಲಿಸಿದವರಿಗೆ ಇದಕ್ಕಿಂತ ಅನುಕೂಲದ ನಿಯಮ ಉಂಟೇ?

“ನಮ್ಮದು ಇದರಾಗ ಇಲ್ಲ,” ಎಂದು ಹೆಂಡತಿಯ ಕಿವಿಯಲ್ಲಿ ಉಸುರಿದ. ಒಂದೇ ಒಂದು ‘ಯಾತ್ರೀಗಣ್’ ಅಂದರೆ ಸಾಕು, ಬಂಡವಾಳ ಬಯಲು. ಬಾಯಿ ತೆರೆದ.

ಅಷ್ಟರಲ್ಲಿ ಒಂದು ಗಿಳಿ ಪೇರಲದ ಚೂರನ್ನು ನೀರಿನ ಬೋಗುಣಿಗೆ ಒಯ್ದು, ಅದ್ದಿ, ಸೊರಸೊರನೆ ತಿಂದಿತು. ಬಸಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. ದಿನಾ ಬೆಳಿಗ್ಗೆ ಅವಳ ಚಹಾದಲ್ಲಿ ಟೋಸ್ಟ್ ಅದ್ದಿಕೊಂಡು ತಿನ್ನುತ್ತಿದ್ದ ಕಳ್ಳ ಅದೇ.

ಸೂಗಪ್ಪನ ಬಾಯಿ ತೆರೆದೇ ಇತ್ತು. ಕರೆದರೆ ಅದು ಉತ್ತರಿಸುತ್ತದೆ, ಸುಮ್ಮನಿರುವ ಜಾತಿಯಲ್ಲ; ಉತ್ತರಿಸಿದರೆ ಜನ್ಮಪೂರ್ತಿ ಇಲ್ಲೇ. ಚಿನ್ಮಯಿ ಆಚೆ ತಿರುಗಿದಾಗ ಅವನು ಅಂಗೈ ಬಾಯಿಗೆ ಮರೆಮಾಡಿ, ಮುಖ ಮೇಲೆತ್ತಿ, ಗಿಡುಗನಾದ. “ಕಿಕ್ಕೀ, ಕಿಕ್ಕೀ.”

ಗಿಳಿಗಳು ಭರ್ರನೆ ಎಲೆಗಳೊಳಗೆ ಮಾಯವಾದವು. ಬೋಗುಣಿಯ ಗಿಳಿ ಒಂದು ಕ್ಷಣ ಕತ್ತು ಓರೆ ಮಾಡಿತು. ಮರುಕ್ಷಣ ಪೇರಲ ಬಿದ್ದಿತ್ತು, ಗಿಳಿ ಇರಲಿಲ್ಲ.

“ಅಡಗ್ತು,” ಎಂದು ಚಿನ್ಮಯಿ ಆಕಾಶದ ತುಂಬ ಹುಡುಕಿದಳು. “ಎಲ್ಲೈತ್ರಿ ಗಿಡುಗ?”

“ಆ ಕಡೆ ಹೋತವ್ವ,” ಎಂದು ಸೂಗಪ್ಪ ಕೈ ತೋರಿಸಿದ.

ಆಕಾಶ ನೋಡದಿದ್ದವಳು ಬಸಲಿಂಗಮ್ಮ ಒಬ್ಬಳೇ. ಗೇಟಿನ ಹೊರಗೆ ಬಂದ ಮೇಲೆ ಕೇಳಿದಳು:

“ಗಿಡುಗಪ್ಪನೋರ, ಚಾ ಕುಡಿಯೂಣೇನ್ರಿ?”