ಸಾಹೇಬರು ತಲೆಯಾಡಿಸಿದರೆ ಆದೇಶ ರದ್ದಾಗಲ್ಲ

ಎಂಥ ದೊಡ್ಡ ಮನುಷ್ಯನಾದರೂ ಕ್ಷೌರದ ಕುರ್ಚಿಯಲ್ಲಿ ಕೂತ ಮೇಲೆ ತಲೆ ಬಗ್ಗಿಸಲೇಬೇಕು ಅಂತ ನಮ್ಮ ಕಟಿಂಗ್ ಅಂಗಡಿ ಅಣ್ಣನ ನಂಬಿಕೆ. ಆ ನಂಬಿಕೆಯೇ ಅವನ ಅಂಗಡಿಗೆ ಸಂಚಕಾರ ತರೋದ್ರಲ್ಲಿತ್ತು ನೋಡಿ.

"ಅಂಗಡಿ ಕಾಲುದಾರಿಗೆ ಅಡ್ಡವಾಗಿದೆ, ತೆರವು ಮಾಡಿ" ಅಂತ ಪುರಸಭೆಯಿಂದ ಆದೇಶ ಬಂದಿತ್ತು. ಅಪ್ಪ ಬಿಟ್ಟುಹೋದ ಅಂಗಡಿ, ಮನೆಮಂದಿಯ ಹೊಟ್ಟೆ ತುಂಬಿಸೋ ಜಾಗ. ಆದರೂ ಅಣ್ಣ ನಿಶ್ಚಿಂತೆಯಾಗಿದ್ದ.

"ಸಹಿ ಹಾಕಿದ ಸಾಹೇಬರಿಗೇ ಕಟಿಂಗ್ ಮಾಡುವಾಗ ಹೇಳಿದೀನಿ. ತಲೆ ಆಡಿಸಿದ್ರು. ಕೆಲಸ ಆದ ಹಾಗೇ!"

ಅಣ್ಣನ ಹೆಂಡತಿಯ ತಂಗಿ ಉಚಿತ ಕಾನೂನು ನೆರವಿನ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ನಗು ತಡೆಯಲಾಗಲಿಲ್ಲ.

"ಭಾವ, ಅವರ ತಲೆ ಹಿಡಿದು ಆಚೆ ಈಚೆ ತಿರುಗಿಸ್ತಾ ಇದ್ದದ್ದು ನೀವು. ಅವರು ಆಡಿಸಿದ್ರೋ, ನೀವು ಆಡಿಸಿದ್ರೋ?"

"ಹೋಗಮ್ಮ, ನಿಂಗೆಲ್ಲಾ ತಮಾಷೆ."

"ಬರೆದು ಕೊಟ್ಟ ಆದೇಶ ಬರವಣಿಗೆಯಲ್ಲೇ ಬದಲಾಗಬೇಕು ಭಾವ. ಏನು ಕಾರಣ ಕೊಟ್ಟಿದ್ದಾರೆ, ಓದಿದ್ರಾ?"

ಓದಿರಲಿಲ್ಲ. ಅವಳೇ ಓದಿದಳು. ಕಾಯೋ ಗಿರಾಕಿಗಳು ಹರಟೆಗೆ ಅಂತ ಬೆಂಚನ್ನು ಬಾಗಿಲಾಚೆ ಎಳೆದುಕೊಳ್ಳೋದು ಅಲ್ಲಿನ ರೂಢಿ. ಅಳತೆಗೆ ಬಂದವರು ಗೋಡೆ ಬಿಟ್ಟು ಆ ಬೆಂಚಿನ ತುದಿಯಿಂದ ಅಳೆದಿದ್ದರು!

ಅಣ್ಣನ ಮುಖ ಬಾಡಿತು. "ತಪ್ಪು ನಂದೂ ಇದೆಯಲ್ಲಮ್ಮ."

"ಇರೋ ತಪ್ಪು ಒಪ್ಕೊಳ್ಳಿ, ಇಲ್ಲದ್ದನ್ನ ಯಾಕೆ ಹೊತ್ಕೋತೀರಿ? ಯಾರಿಗೆ ಮೇಲ್ಮನವಿ ಕೊಡಬೇಕು ಅಂತ ಕೆಳಗೇ ಬರೆದಿದೆ. ನಾಳೆಯೇ ಕೊನೆ ದಿನ! ತೀರ್ಮಾನ ಆಗೋವರೆಗೆ ತೆರವು ನಿಲ್ಲಿಸಿ ಅಂತಲೂ ಕೇಳಬೇಕು. ಕೇಳದಿದ್ರೆ ತಾನಾಗಿ ನಿಲ್ಲಲ್ಲ."

"ಸಾಹೇಬರನ್ನ ಎದುರು ಹಾಕ್ಕೊಂಡ ಹಾಗಾಗಲ್ವಾ?"

"ನೀವು ಕಟಿಂಗ್ ಮುಗಿಸಿ ಹಿಂದೆ ಕನ್ನಡಿ ಹಿಡೀತೀರಲ್ಲ, ಆಗ ಗಿರಾಕಿ 'ಇಲ್ಲಿ ಸ್ವಲ್ಪ ಸರಿ ಮಾಡಿ' ಅಂದ್ರೆ ಜಗಳ ಆಗುತ್ತಾ? ಇದೂ ಅಷ್ಟೇ."

ಅಣ್ಣ ತಲೆ ಕೆರೆದುಕೊಂಡ. ಮಾತು ಮನಸ್ಸಿಗೆ ನಾಟಿತು.

ಮರುದಿನ ಅಂಗಡಿ ತೆಗೆಯದೆ ಇಬ್ಬರೂ ಹೋಗಿ ಮೇಲ್ಮನವಿ ಕೊಟ್ಟರು, ತಮ್ಮ ಪ್ರತಿಗೆ ಮೊಹರು ಹಾಕಿಸಿಕೊಂಡರು. ತೆರವಿಗೆ ತಡೆ ಸಿಕ್ಕಿತು. ವಿಚಾರಣೆಯ ದಿನ ಅಣ್ಣ ಬೆಂಚಿನ ವಿಷಯ ಮುಚ್ಚಿಡದೆ ಹೇಳಿದ. ಮೇಲಧಿಕಾರಿ ಗೋಡೆಯಿಂದ ಮತ್ತೆ ಅಳತೆ ಮಾಡಿಸಿದರು. ಅಂಗಡಿ ಇರಲಿ, ಬೆಂಚು ಒಳಗಿರಲಿ ಅಂತ ಹೊಸ ಆದೇಶವಾಯಿತು. ಅಣ್ಣ ಅಲ್ಲೇ ಕಣ್ಣೊರೆಸಿಕೊಂಡ.

ಈಗ ಒಳಗೆ ಇಕ್ಕಟ್ಟು ಅಂತ ಗಿರಾಕಿಗಳು ಗೊಣಗುತ್ತಾರೆ. ಸಾಹೇಬರೂ ಮೊದಲಿನ ಹಾಗೇ ಬರುತ್ತಾರೆ. ಅವರ ತಲೆ ಆಡಿದರೆ ಅಣ್ಣ, "ಅಲ್ಲಾಡಬೇಡಿ ಸಾರ್, ಕತ್ತರಿ ತಾಗೀತು" ಅಂತಾನೆ, ಅಷ್ಟೇ.

ನಿಮ್ಮ ಮನೆಗೂ ಇಂಥ ಆದೇಶ ಬಂದರೆ ಹೆದರಬೇಡಿ, ಹಾಗಂತ ಕೈಕಟ್ಟಿ ಕೂರಲೂಬೇಡಿ. ಕಾರಣ ಓದಿ, ಇಲ್ಲವೇ ಓದಿಸಿ. ಕೊನೆ ದಿನ ಯಾವುದು ಕೇಳಿ, ಅದರೊಳಗೆ ಬರೆದು ಕೊಡಿ. ಉಚಿತ ಕಾನೂನು ನೆರವಿನವರನ್ನು ಕಾಣಲು ಸಂಕೋಚ ಬೇಡ. ಯಾರದೋ ತಲೆಯಾಟ ನಂಬಿ ನಿಮ್ಮ ಬಾಗಿಲು ಮುಚ್ಚಿಸಿಕೊಳ್ಳಬೇಡಿ.