ಪಕ್ಕದವನ ಐದು ಗುರಿ

ಬಯಾಥ್ಲಾನ್ ಎಂದರೆ ಹಿಮದ ಮೇಲಿನ ಸ್ಕೀ ಓಟವನ್ನು ನಡುನಡುವೆ ನಿಲ್ಲಿಸಿ ಬಂದೂಕಿನಿಂದ ಗುರಿಗೆ ಹೊಡೆಯುವ ಆಟ. ಆಟಗಾರ ಸೋಂಡ್ರೆ ಮಾತ್ರ ಚಳಿಗಾಲವಿಡೀ ಸೋತಾಗಲೆಲ್ಲ ಟಿವಿಯವರ ಮುಂದೆ ಹಾಡಿದ್ದು ಒಂದೇ ರಾಗ: "ಸ್ಕೀ ಜಾರಲಿಲ್ಲ." ಗುರಿ ತಪ್ಪಿದ ಗುಂಡುಗಳ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಅವನ ಸ್ಕೀಗಳು ಚೆನ್ನಾಗಿ ಜಾರಲೆಂದು ಮೇಣ ಬಳಿಯುವ ಗುನ್‌ವೋರ್ ಎಲ್ಲವನ್ನೂ ನುಂಗಿಕೊಂಡಳು.

ಕೊನೆಯ ಸ್ಪರ್ಧೆ ಓಸ್ಲೋದಲ್ಲಿ. ಗುನ್‌ವೋರ್ ಹನ್ನೆರಡು ಜೊತೆ ಸ್ಕೀ ಓಡಿಸಿ ನೋಡಿ, ಗಾಳಿಯಂತೆ ಹೋಗುವ ಜೊತೆಯನ್ನೇ ಕೊಟ್ಟಳು. ಸೋಂಡ್ರೆ ಗುಂಡು ಹೊಡೆಯುವ ಜಾಗಕ್ಕೆ ಎಲ್ಲರಿಗಿಂತ ಮೊದಲು ಬಂದು ಒಂದನೇ ಚಾಪೆಯ ಮೇಲೆ ಮಲಗಿ, ಐದಕ್ಕೆ ಐದೂ ಹೊಡೆದು, ಜನರತ್ತ ಮುಷ್ಟಿ ಎತ್ತಿ ಬೀಗಿದ. ಹೊಡೆದದ್ದು ಎರಡನೇ ಚಾಪೆಯವನ ಗುರಿಗಳನ್ನು! ಅವನ ಸ್ವಂತ ಐದು ಕಪ್ಪು ಬೊಟ್ಟುಗಳು ಹಾಗೇ ಕಣ್ಣು ಬಿಟ್ಟುಕೊಂಡಿದ್ದವು. ತಪ್ಪಿಗೊಂದರಂತೆ ಐದು ದಂಡದ ಸುತ್ತುಗಳನ್ನು ಗಾಣದೆತ್ತಿನಂತೆ ಸುತ್ತುವಷ್ಟರಲ್ಲಿ ಇಪ್ಪತ್ತು ಜನ ಮುಂದೆ ಹೋಗಿದ್ದರು.

ಮೈಕು ಬಂತು. "ಸ್ಕೀ ಇವತ್ತು ಅತಿಯಾಗಿ ಓಡಿಬಿಡ್ತು. ಉಸಿರು ತಗೊಳ್ಳೋಕೂ ಬಿಡ್ಲಿಲ್ಲ," ಅಂದ ಸೋಂಡ್ರೆ.

ಮೇಣದ ಕೋಣೆಯಲ್ಲಿ ಗುನ್‌ವೋರ್ ಜೊತೆ ಕೆಲಸ ಮಾಡುವ ಆರ್ವಿಡ್ ಟಿವಿಯಲ್ಲಿ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. "ನೋಡಮ್ಮಾ, ಇದೂ ನಿನ್ನ ತಪ್ಪೇ!"

ಗುನ್‌ವೋರ್ ಮೇಣ ಕರಗಿಸುವ ಇಸ್ತ್ರಿಪೆಟ್ಟಿಗೆ ಆರಿಸಿದಳು. "ಕುಣಿಯೋಕೆ ಬಾರದೆ ನೆಲ ಡೊಂಕು ಅನ್ನೋರನ್ನ ನೋಡಿದ್ದೆ ಕಣೋ. ನೆಲ ಯಾಕೆ ನೆಟ್ಟಗಿತ್ತು ಅಂತ ಜಗಳಕ್ಕೆ ಬರೋ ಗಂಡಸನ್ನ ಇವತ್ತೇ ಕಂಡಿದ್ದು."