ಜಾಡಿಯ ಕಾವು

ಬೇಸಿಗೆಯೆಲ್ಲ ಮಂಜು ಹೊದ್ದು ಮಲಗಿದ್ದ ಅಮೆರಿಕದ ಹೇವರ್ಡ್, ಸೆಪ್ಟೆಂಬರ್ ಬಂದು ಇನ್ನೇನು ಬೇಸಿಗೆ ಮುಗಿಯಿತು ಎನ್ನುವಾಗ ಬಿಸಿಲಿಗೆ ಕಾಯತೊಡಗಿತ್ತು. ಜವರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗ್ಯಾರೇಜಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮಗನ ಹಳೆಯ ಬನಿಯನ್ನನ್ನು ನೀರಿಗೆ ಅದ್ದಿ ಹಿಂಡಿ ದೊಡ್ಡದೊಂದು ಗಾಜಿನ ಜಾಡಿಗೆ ತೊಡಿಸುತ್ತಿದ್ದಳು. ಜಾಡಿ ಟಬ್ಬಿನ ನೀರಿನಲ್ಲಿ ನಿಂತಿತ್ತು. ಸುತ್ತ ಮಂಜುಗಡ್ಡೆ ಕಟ್ಟಿದ ಪ್ಲಾಸ್ಟಿಕ್ ಬಾಟಲಿಗಳು ತೇಲುತ್ತಿದ್ದವು. ಒಳಗೆ ಕಂದು ಬಿಯರು ನೊರೆಗಟ್ಟಿ, ಬಾಯಿಗೆ ಸಿಕ್ಕಿಸಿದ ಕೊಳವೆಯಲ್ಲಿ ಗುಳುಕ್ ಗುಳುಕ್ಕೆಂದು ಉಸಿರು ಬಿಡುತ್ತಿತ್ತು.

ಮೊಮ್ಮಗಳನ್ನು ಆಡಿಸಲೆಂದು ಮಂಡ್ಯದ ಕಡೆಯಿಂದ ಬಂದವಳಿಗೆ ಇಲ್ಲಿ ಸಿಕ್ಕ ಚಾಕರಿ ಇದು. ಮಗ ಗುರುಕಿರಣ್, ಸೊಸೆ ಸಿಂಧು ಬೆಳಗ್ಗೆ ಫ್ರೀವೇ ಹಿಡಿದರೆ ಮನೆ ಸೇರುವುದು ದೀಪ ಹೊತ್ತಿದ ಮೇಲೆ. ಮಗನದು ಡಾಟ್‌ಕಾಂ ಕಂಪನಿ. ಅದು ಏನು ಮಾರುತ್ತದೆಂದು ಅವನು ಹಲವು ಸಲ ವಿವರಿಸಿದ್ದ, ಒಂದೊಂದು ಸಲ ಒಂದೊಂದು ಥರ. ಬಿಯರಿನ ವಿಷಯದಲ್ಲಿ ಮಾತ್ರ ಅವನ ಮಾತು ಬದಲಾಗುತ್ತಿರಲಿಲ್ಲ. ಬಿಯರು ಹುದುಗಿಸುವ ಯೀಸ್ಟು ತಾನೇ ಬಿಸಿ ಹುಟ್ಟಿಸುತ್ತದೆ, ಆದ್ದರಿಂದ ಗ್ಯಾರೇಜಿನ ಗಾಳಿಯ ಬಿಸಿ ನೋಡಿದರೆ ಸಾಲದು, ಜಾಡಿಯದೇ ನೋಡಬೇಕು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಪ್ಪತ್ತು ಡಿಗ್ರಿ ದಾಟಿತೋ, ಬಿಯರು ಬಾಳೆಹಣ್ಣಿನ ವಾಸನೆ ಹೊಡೆಯುತ್ತದೆ, ಕುಡಿದವರಿಗೆ ತಲೆ ಸಿಡಿಯುತ್ತದೆ. ಜಾಡಿಯ ಮೈಗೆ ಅಂಟಿಸಿದ ಪಟ್ಟಿಯಲ್ಲಿ ಹಸಿರು ಗೆರೆ ಅರವತ್ತಾರರ ಮೇಲೆಯೇ ನಿಂತಿರಬೇಕು.

ಅದನ್ನು ಕೇಳಲು ಆಫೀಸಿನಿಂದ ಫೋನ್ ಮೇಲೆ ಫೋನು.

"ಟೆಂಪರೇಚರ್ ಎಷ್ಟಿದೆಯಮ್ಮಾ?"

"ನೀ ಯೋಳ್ದಂಗೇ ಐತೆ ಕನಪ್ಪ. ಮಗ ಉಂಡ್ಳಾ ಅಂತ ಒಂದಪ ಕೇಳು, ನಿನ್ ಗಂಟೇನೂ ಹೋಗಾಕಿಲ್ಲ."

"ತನ್ವಿನ ನೀನು ನೋಡ್ಕೋತೀಯ ಅಂತ ಗೊತ್ತಲ್ಲಮ್ಮ."

ತನ್ವಿ ಏಳು ತಿಂಗಳಿಗೇ ಹುಟ್ಟಿದ ಕೂಸು. ಹುಟ್ಟಿದ ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಷ್ಟಾಗಿ ಮಲಗಿದ್ದಾಗ ಗುರುಕಿರಣ್ ಊರಿಗೆ ಫೋನು ಮಾಡಿ ಬಿಕ್ಕಿ ಬಿಕ್ಕಿ ಅತ್ತಿದ್ದ. "ಅಮ್ಮಾ, ನಂಜುಂಡಪ್ಪನಿಗೆ ಹರಸ್ಕೊ. ಮಗು ಉಳಿದ್ರೆ ವರ್ಷದೊಳಗೆ ನನ್ನ ತಲೆ ಮುಡಿ ಕೊಡ್ತೀನಿ ಅಂತ ಹೇಳು." ಜವರಮ್ಮ ನಂಜನಗೂಡಿಗೆ ಹೋಗಿ, ಕಪಿಲೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ನಿಂತು ಮಗನ ಹೆಸರು ಹೇಳಿ ಹರಸಿಕೊಂಡಿದ್ದಳು. ಮಗು ಉಳಿಯಿತು. ರಜೆ ಸಿಗದಿದ್ದರೆ ಅಲ್ಲಿರುವ ಶಿವನಿಗೇ ಕೊಡಿಸು, ಶಿವ ಎಲ್ಲಾ ಕಡೆ ಒಬ್ಬನೇ ಎಂದು ಊರಿನ ಪೂಜಾರಿ ಹೇಳಿ ಕಳಿಸಿದ್ದ. ಬರುವ ಸೋಮವಾರಕ್ಕೆ ಮಗುವಿಗೆ ವರ್ಷ ತುಂಬುತ್ತಿತ್ತು. ಅದಾದ ವಾರದಲ್ಲಿ ಅವಳು ಊರಿಗೆ ಮರಳುವ ವಿಮಾನ. ಹರಕೆ ತೀರಿಸದೆ ಹೇಗೆ ಹತ್ತುವುದು?

ಶುಕ್ರವಾರ ಸಂಜೆ ಮಾತು ತೆಗೆದಳು.

"ನಾಳೀಕೆ ಲಿವರ್‌ಮೋರ್ ಶಿವನ್ ಗುಡೀಗೆ ಹೋಗ್ಬುಡಾನ ಕನ್ಲಾ."

"ಈ ವೀಕೆಂಡು ಆಗಲ್ಲಮ್ಮ. ಹೀಟ್‌ವೇವು, ಅದರಲ್ಲಿ ಯೀಸ್ಟು ಜೋರಾಗಿದೆ. ಈಗ ಬಿಟ್ಟು ಹೋದ್ರೆ ಬ್ಯಾಚು ಹಾಳು. ಕಂಪನಿ ಲಾಂಚ್ ಪಾರ್ಟಿಗೆ ಎಲ್ರಿಗೂ ಪ್ರಾಮಿಸ್ ಮಾಡಿದೀನಿ."

"ಹೋದ್ ವಾರ ಜಾಡಿ ತರಬೇಕು ಅಂದೆ. ಈ ವಾರ ಜಾಡಿ ಕಾಯ್ಬೇಕು ಅಂತೀಯ. ಈ ಹೆಂಡಕ್ಕೆ ಬಾಣಂತನ ಮುಗಿಯಾದು ಯಾವಾಗ್ಲಾ?"

"ಹೆಂಡ ಅಲ್ಲಮ್ಮ, ಏಲು. ಬಿಯರಲ್ಲಿ ಒಂದು ಜಾತಿ."

"ಆಯ್ತು, ನಿನ್ ಏಲು. ಅದುನ್ನ ನಾನೇ ಕಾಯ್ತೀನಿ. ಬುಧವಾರದಿಂದ ಕಾದೋಳು ನಾನೇ ತಾನೆ? ನೀವು ಮೂವರೂ ಹೋಗ್ಬನ್ನಿ."

ಬೆಟ್ಟದ ಮೇಲಿನ ಆ ಗುಡಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವಳಿಗೂ ಇತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಗುರುಕಿರಣ್ ಬೇರೆ ಏನಾದರೂ ನೆವ ಸಿಗುತ್ತದೇನೋ ಎಂಬಂತೆ ಹೆಂಡತಿಯ ಮುಖ ನೋಡಿದ. ಸಿಂಧು ಎದ್ದು ಹೋಗಿ ತಲೆ ಬೋಳಿಸುವ ಟ್ರಿಮ್ಮರನ್ನು ಚೀಲಕ್ಕೆ ಹಾಕಿದಳು.

ಶನಿವಾರ ಅವರು ಹೋದ ಮೇಲೆ ಬಿಸಿಲು ಇನ್ನೂ ಏರಿತು. ಜವರಮ್ಮ ಬಾಟಲಿ ಬದಲಿಸಿದಳು, ಬನಿಯನ್ನಿಗೆ ನೀರು ಹನಿಸಿದಳು, ಗ್ಯಾರೇಜಿನ ಬಾಗಿಲಿಗೆ ಹಾಸಿಗೆಯ ಹೊದಿಕೆ ಕಟ್ಟಿ ನೆರಳು ಮಾಡಿದಳು. ಹೆಂಡದಂಗಡಿ ಇದ್ದ ಬೀದಿಯಲ್ಲಿ ಕಾಲಿಡದೆ ಸುತ್ತು ಹಾಕಿ ಹೋಗುತ್ತಿದ್ದ ಹೆಂಗಸು, ಅಮೆರಿಕಕ್ಕೆ ಬಂದು ಹೆಂಡಕ್ಕೆ ಒದ್ದೆಬಟ್ಟೆ ಹಾಕುತ್ತಿದ್ದಾಳೆಂದು ಊರಿನ ನಂಜಮ್ಮನಿಗೇನಾದರೂ ಗೊತ್ತಾದರೆ ನಕ್ಕು ನಕ್ಕು ಸಾಯುತ್ತಾಳೆ. ನಗಲಿ. ಒಪ್ಪಿಕೊಂಡ ಕೆಲಸ ಒಪ್ಪಿಕೊಂಡಂತೆ ಆಗಬೇಕು.

ಸಂಜೆ ಕಾರು ಬಂತು. ಗುರುಕಿರಣ್ ತಾಯಿಯ ಕಡೆ ತಿರುಗಿಯೂ ನೋಡದೆ ನೇರ ಜಾಡಿಯ ಮುಂದೆ ಬಗ್ಗಿದ.

"ಸಿಕ್ಸ್ಟಿಸಿಕ್ಸ್! ಸೂಪರ್ ಅಮ್ಮಾ!"

ಜವರಮ್ಮ ಅವನ ತಲೆ ನೋಡುತ್ತಿದ್ದಳು. ಜೆಲ್ ಹಾಕಿ ತೀಡಿದ ಕ್ರಾಪು ಬೆಳಗ್ಗೆ ಹೇಗೆ ಹೋಗಿತ್ತೋ ಹಾಗೇ ಬಂದಿತ್ತು.

"ಮುಡಿ?"

"ಕೊಟ್ಟೆ."

"ಯಾರ್ ತಲೇದ್ಲಾ?"

ಅವನು ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದ. "ಮೂರು ಕತ್ತರಿ, ಮೂರು ಸಲ ಕತ್ತರಿ ಆಡಿಸಿದಷ್ಟು ಕೂದಲು. ತಿರುಪತೀಲಿ ಕೊಡಲ್ವಾ, ಹಾಗೆ. ಅದೂ ಮುಡೀನೇ."

"ಅದು ಹೆಂಗಸ್ರು ಕೊಡಾದು ಕನ್ಲಾ!"

ಸಿಂಧು ಮಗುವಿನ ಹೆಗಲಿಗೆ ಮುಖ ಒತ್ತಿ ನಗು ತಡೆದಳು. "ಪಾರ್ಕಿಂಗ್ ಲಾಟಲ್ಲಿ ಅತ್ತೆ, ಉಗುರು ತೆಗೆಯೋ ಕತ್ತರೀಲಿ. ಟ್ರಿಮ್ಮರ್ ಚೀಲದಿಂದ ಆಚೆ ಬರ್ಲೇ ಇಲ್ಲ."

"ಗುರುವಾರ ಇನ್ವೆಸ್ಟರ್ಸ್ ಮುಂದೆ ಡೆಮೋ ಇದೆ," ಗುರುಕಿರಣ್ ರೇಗಿದ. "ಬುರುಡೆ ತಲೆ ಇಟ್ಕೊಂಡು ನಿಂತ್ರೆ ಏನಂದ್ಕೋತಾರೆ? ದೇವ್ರಿಗೆ ಅರ್ಥ ಆಗುತ್ತಮ್ಮ."

ಇಷ್ಟು ದಿನ ಅವನನ್ನು ಮನೆಯಲ್ಲಿ ಕಟ್ಟಿಹಾಕಿದ್ದು ಜಾಡಿಯಲ್ಲ, ಕ್ರಾಪು. ಜವರಮ್ಮನಿಗೆ ಈಗ ಸಿಟ್ಟು ಕೂಡ ಬರಲಿಲ್ಲ.

"ಈ ಜಾಡಿ ಒಂದ್ ಗೆರೆ ಆಚೀಚೆ ಆಗ್ಬಾರ್ದು ಅಂತ ಕುಣೀತಿದ್ದೆ. ಆ ದೇವ್ರಿಗೆ ಮಾತ್ರ ತಲೆ ಕೊಡ್ತೀನಿ ಅಂದು ಮೂರ್ ಎಳೆ ಇಟ್ಬಂದಿದೀಯ. ಹೆಂಡಕ್ಕಿರೋ ನೇಮ ನಂಜುಂಡಪ್ಪಂಗಿಲ್ವಲ್ಲಪ್ಪ."

"ಊರಿಗೆ ಹೋದಾಗ ನೀನೇ ನಂಜನಗೂಡಲ್ಲಿ ಹರಕೆ ತೀರ್ತು ಅಂತ ಹೇಳ್ಬಿಡಮ್ಮ."

"ಹೇಳಾಕಿಲ್ಲ. ಹರಸ್ಕಳಾಕೆ ನಾನು, ಸುಳ್ ಹೇಳಾಕೂ ನಾನೇಯಾ? ಬಾಕಿ ಐತೆ, ಆಸಾಮಿ ಅಮೆರಿಕದಲ್ಲವ್ನೆ ಅಂತ ಹೇಳ್ತೀನಿ."

ಜವರಮ್ಮ ಸೊಸೆಯ ತೋಳಿನಿಂದ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಸೋಮವಾರ ಕೇಕು ಕತ್ತರಿಸಿದರು. ವಿಮಾನ ಹತ್ತುವವರೆಗೆ ಅವನು ಮುಡಿಯ ಮಾತೆತ್ತಲಿಲ್ಲ, ಅವಳು ಗ್ಯಾರೇಜಿಗೆ ಕಾಲಿಡಲಿಲ್ಲ.